ವಸ್ತುವನ್ನು ನೋಡದ ಕ್ಯಾಮೆರಾ: ದೀಪದ ಬೆಳಕಿನ ಮೇಲೊಂದು ವ್ಯಾಜ್ಯ

ಹುಕ್ಕೇರಿ ತಾಲ್ಲೂಕಿನಲ್ಲಿ ಕರೆಂಟು ಹಂಚುವುದು 1969ರಲ್ಲಿ ಹುಟ್ಟಿದ ಒಂದು ಸಹಕಾರಿ ಸಂಘ. ಪಕ್ಕದ ಗೋಕಾಕ, ಮೂಡಲಗಿಗಳಲ್ಲಿ ಹೆಸ್ಕಾಂ. ಇಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಪಂಪ್‌ಸೆಟ್ಟು ನಂಬಿ ಬದುಕುವ ಈ ಸೀಮೆಯಲ್ಲಿ ಫೀಡರು, ವೋಲ್ಟೇಜು, ಟಿ.ಸಿ. ಎಂಬ ಮಾತುಗಳನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಬೆಳಕಿನ ಬಗ್ಗೆ ವಿಜ್ಞಾನಿಗಳ ನಡುವೆ ವರ್ಷಗಟ್ಟಲೆ ನಡೆದ ಒಂದು ಕಠಿಣ ವ್ಯಾಜ್ಯವನ್ನು ಕರೆಂಟಿನ ಲೈನುಗಳಿಂದಲೇ ಶುರು ಮಾಡುತ್ತೇನೆ.

ಒಂದು ಸಬ್‌ಸ್ಟೇಷನ್ನಿನಿಂದ ನೂರು ಲೈನು ಹೊರಟಿವೆ ಎಂದುಕೊಳ್ಳಿ. ಒಂದೊಂದರ ವೋಲ್ಟೇಜೂ ತನ್ನ ಪಾಡಿಗೆ ತಾನು ಏರುತ್ತ ಇಳಿಯುತ್ತ ಇರುತ್ತದೆ. ಒಂದರ ಏರಿಳಿತಕ್ಕೂ ಇನ್ನೊಂದರದಕ್ಕೂ ನಂಟಿಲ್ಲ. ನೂರೂ ಲೈನುಗಳು ದೂರದ ಒಂದು ಮುಚ್ಚಿದ ಕೋಣೆಗೆ ಬಂದು, ಗೋಡೆಯ ಮೇಲೆ ಹತ್ತು ಅಡ್ಡ ಹತ್ತು ಉದ್ದ ಜೋಡಿಸಿದ ನೂರು ಹೋಲ್ಡರುಗಳಲ್ಲಿ ಮುಗಿಯುತ್ತವೆ. ಕೆಲವು ಹೋಲ್ಡರಿಗೆ ಬಲ್ಬು ಹಾಕಿದ್ದಾರೆ, ಉಳಿದವು ಖಾಲಿ. ಹಾಕಿದ ಬಲ್ಬುಗಳು ಒಟ್ಟಾಗಿ ‘ಗ’ ಅಕ್ಷರದ ಆಕಾರದಲ್ಲಿವೆ. ಕೋಣೆಯೊಳಗೆ ಒಬ್ಬ ಗೋಡೆಗೆ ಬೆನ್ನು ಹಾಕಿ ಕೂತಿದ್ದಾನೆ. ಕೋಣೆಯಲ್ಲಿ ಒಟ್ಟು ಬೆಳಕು ಎಷ್ಟಿದೆ ಎಂಬುದನ್ನಷ್ಟೇ ತೋರಿಸುವ ಮೀಟರು ಅವನ ಕೈಯಲ್ಲಿದೆ. ಸೆಕೆಂಡಿಗೊಮ್ಮೆ ಒಂದೇ ಒಂದು ಅಂಕಿ ಬರೆಯುವುದು ಅವನ ಕೆಲಸ. ಸಬ್‌ಸ್ಟೇಷನ್ನಿನಲ್ಲಿ ಕೂತ ಇನ್ನೊಬ್ಬ ಅದೇ ಸೆಕೆಂಡಿಗೆ ನೂರು ಲೈನುಗಳ ವೋಲ್ಟೇಜು ಬರೆದುಕೊಳ್ಳುತ್ತಾನೆ. ‘ಗ’ವನ್ನು ಇಬ್ಬರೂ ಕಂಡಿಲ್ಲ.

ಕೆಲವು ಸಾವಿರ ಸೆಕೆಂಡುಗಳಾದ ಮೇಲೆ ಎರಡೂ ರಿಜಿಸ್ಟರು ತಂದು ಅಕ್ಕಪಕ್ಕ ಇಡಿ. ಒಂದೊಂದೇ ಲೈನು ಹಿಡಿದು ಕೇಳಿ: ಇದರ ವೋಲ್ಟೇಜು ಏರಿದಾಗಲೆಲ್ಲ ಕೋಣೆಯ ಒಟ್ಟು ಬೆಳಕೂ ಸರಾಸರಿಯಲ್ಲಿ ಒಂದಿಷ್ಟು ಏರಿತೆ? ಏರಿದ್ದರೆ ಆ ಲೈನಿನ ತುದಿಯಲ್ಲಿ ಬಲ್ಬಿದೆ, ಇಲ್ಲವಾದರೆ ಖಾಲಿ. ನೂರು ಲೈನಿಗೂ ಹೀಗೆ ಗುರುತು ಹಾಕುತ್ತ ಹೋದರೆ ಕಾಗದದ ಮೇಲೆ ‘ಗ’ ಮೂಡುತ್ತದೆ. ಅಕ್ಷರವಿದ್ದ ಕೋಣೆಯಲ್ಲೇ ಕೂತವನ ಬಳಿ ಆಕಾರದ ಸುಳಿವಿರಲಿಲ್ಲ. ಲೈನುಗಳ ಲೆಕ್ಕ ಇಟ್ಟವನು ಅಕ್ಷರದ ಹತ್ತಿರಕ್ಕೂ ಬರಲಿಲ್ಲ. ಚಿತ್ರ ಇದ್ದದ್ದು ಎರಡು ರಿಜಿಸ್ಟರುಗಳ ತಾಳೆಯಲ್ಲಿ.

ಭೌತವಿಜ್ಞಾನದಲ್ಲಿ ಇದರ ಹೆಸರು ಘೋಸ್ಟ್ ಇಮೇಜಿಂಗ್. ಅಲ್ಲಿ ಲೈನುಗಳ ಜಾಗದಲ್ಲಿ ಬೆಳಕಿನ ಕಿರಣಪುಂಜದೊಳಗಿನ ಲಕ್ಷಾಂತರ ಸಣ್ಣ ಮಚ್ಚೆಗಳಿರುತ್ತವೆ. ಒಂದು ಅರೆಗನ್ನಡಿ ಆ ಪುಂಜವನ್ನು ಎರಡಾಗಿ ಸೀಳುತ್ತದೆ. ಒಂದು ಕವಲು ವಸ್ತುವಿನ ಮೂಲಕ ಹಾದು, ಬಂದ ಬೆಳಕನ್ನೆಲ್ಲ ಒಟ್ಟಿಗೆ ಅಳೆಯುವ ಡಿಟೆಕ್ಟರಿಗೆ ಬೀಳುತ್ತದೆ. ಅದನ್ನು ಬಕೆಟ್ ಡಿಟೆಕ್ಟರ್ ಎನ್ನುತ್ತಾರೆ. ಇನ್ನೊಂದು ಕವಲು ವಸ್ತುವಿನ ಕಡೆ ಸುಳಿಯದೆ ನೇರ ಕ್ಯಾಮೆರಾಕ್ಕೆ ಹೋಗುತ್ತದೆ. ಎರಡೂ ದಾಖಲೆಗಳನ್ನು ಗುಣಿಸಿ ಸರಾಸರಿ ತೆಗೆದಾಗ ಚಿತ್ರ ಬರುತ್ತದೆ. ವ್ಯಾಜ್ಯ ಇರುವುದು ಮುಂದಿನ ಪ್ರಶ್ನೆಯ ಮೇಲೆ: ಬೆಳಕು ಸೂರ್ಯನದೋ ದೀಪದ್ದೋ ಆದಾಗ, ಅಂದರೆ ಉಷ್ಣಬೆಳಕಾದಾಗ, ಈ ಚಿತ್ರ ಕ್ವಾಂಟಂ ಲೋಕದ ಕರಾಮತ್ತೋ ಅಥವಾ ಮ್ಯಾಕ್ಸ್‌ವೆಲ್ಲರ ಕಾಲದ ಅಲೆಗಳ ಅಭಿಜಾತ ಭೌತವಿಜ್ಞಾನಕ್ಕೇ ಎಟುಕುವ ಸಂಗತಿಯೋ?

ಮೊದಲ ಘೋಸ್ಟ್ ಚಿತ್ರ ಬಂದದ್ದು ನಿಸ್ಸಂದೇಹವಾಗಿ ಕ್ವಾಂಟಂ ಬೆಳಕಿನಿಂದ. ಸೋವಿಯತ್ ವಿಜ್ಞಾನಿ ಡೇವಿಡ್ ಕ್ಲಿಶ್ಕೊ 1980ರ ದಶಕದಲ್ಲಿ ಸಿದ್ಧಾಂತ ಹಾಕಿಕೊಟ್ಟಿದ್ದರು. 1995ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಬಾಲ್ಟಿಮೋರ್ ಕೌಂಟಿಯಲ್ಲಿ (ಯು.ಎಂ.ಬಿ.ಸಿ.) ಪಿಟ್‌ಮನ್, ಯಾನ್ಹುವಾ ಶಿ, ಸ್ಟ್ರೆಕಲೋವ್, ಸೆರ್ಗಿಯೆಂಕೊ ಅದನ್ನು ಮಾಡಿ ತೋರಿಸಿದರು. ಅವರು ಲೇಸರ್ ಬೆಳಕನ್ನು ಒಂದು ವಿಶೇಷ ಹರಳಿನೊಳಗೆ ಹಾಯಿಸಿದರು. ಅಲ್ಲಿ ಅಪರೂಪಕ್ಕೊಮ್ಮೆ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಎರಡಾಗಿ ಒಡೆಯುತ್ತದೆ, ಆ ಅವಳಿಗಳು ಕ್ವಾಂಟಂ ಹೆಣಿಗೆಯಲ್ಲಿ (ಎಂಟ್ಯಾಂಗಲ್‌ಮೆಂಟ್), ಒಂದರ ಸ್ಥಿತಿಯನ್ನು ಇನ್ನೊಂದರಿಂದ ಬಿಡಿಸಿ ಹೇಳಲಾಗದಂತೆ ಸಿಕ್ಕಿಕೊಂಡೇ ಹುಟ್ಟುತ್ತವೆ. ಒಂದು ಅವಳಿಯ ದಾರಿಯಲ್ಲಿ ವಿಶ್ವವಿದ್ಯಾಲಯದ ಹೆಸರಿನ ನಾಲ್ಕು ಮೊದಲಕ್ಷರ ಕೊರೆದ ತಗಡು ಇತ್ತು. ಇನ್ನೊಂದರ ದಾರಿಯಲ್ಲಿ ಬೆಳಕನ್ನು ಡಿಟೆಕ್ಟರಿಗೆ ಒಯ್ಯುವ ಸಣ್ಣ ಎಳೆಯ ತುದಿಯೊಂದು ಮಾತ್ರ ಆಚೀಚೆ ಸರಿಯುತ್ತಿತ್ತು. ಎರಡೂ ಕಡೆಯ ಡಿಟೆಕ್ಟರುಗಳು ಒಟ್ಟಿಗೆ ಮಿಡಿದಾಗಷ್ಟೇ ಎಣಿಸಿದರೆ, ತಗಡನ್ನು ಕಾಣದ ಬದಿಯಲ್ಲಿ ಆ ನಾಲ್ಕು ಅಕ್ಷರಗಳು ಮೂಡಿದವು.

ಹೆಣಿಗೆ ಇಲ್ಲದೆ ಇಂಥ ಚಿತ್ರವೇ ಅಸಾಧ್ಯ ಎಂದು ಬಾಸ್ಟನ್ ವಿಶ್ವವಿದ್ಯಾಲಯದ ಗುಂಪೊಂದು 2001ರಲ್ಲಿ ವಾದಿಸಿತು. ಮಾರನೆಯ ವರ್ಷವೇ ಉತ್ತರ ಬಂತು. ರಾಚೆಸ್ಟರ್‌ನ ಬೆನಿಂಕ್, ಬೆಂಟ್ಲಿ, ಬಾಯ್ಡ್ ಮೂವರೂ ಸಾಮಾನ್ಯ ಲೇಸರ್ ಕಿರಣವನ್ನು ಮನಬಂದಂತೆ ಅತ್ತಿತ್ತ ಓಲಾಡಿಸಿ, ಅರೆಗನ್ನಡಿಯಿಂದ ಎರಡು ಮಾಡಿ, ಅದೇ ಬಗೆಯ ಚಿತ್ರ ತೆಗೆದರು. ಹೆಣಿಗೆಯ ಲವಲೇಶವೂ ಅದರಲ್ಲಿರಲಿಲ್ಲ. 2004ರಲ್ಲಿ ಇಟಲಿಯ ಕೋಮೊದಲ್ಲಿ ಗಟ್ಟಿ, ಬ್ರಾಂಬಿಲ್ಲಾ, ಲುಜಿಯಾಟೊ ಮುಂತಾದವರು ಉಷ್ಣಬೆಳಕಿಗೂ ಇದು ಸಾಧ್ಯ ಎಂದು ಲೆಕ್ಕ ಹಾಕಿ ತೋರಿಸಿದರು. 2005ರಲ್ಲಿ ಮೇರಿಲ್ಯಾಂಡ್, ಕೋಮೊ, ಬೀಜಿಂಗ್ ಮೂರೂ ಕಡೆಯಿಂದ ಪ್ರಯೋಗದ ಫಲಿತಾಂಶ ಬಂದವು. ಬೀಜಿಂಗ್‌ನವರು ನಿಜವಾದ ದೀಪವನ್ನೇ ಬಳಸಿದ್ದರು. ಅಲ್ಲಿಗೆ ಚಿತ್ರ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಮುಗಿದು, ಬಂದ ಚಿತ್ರ ಯಾವ ಜಾತಿಯದು ಎಂಬ ಪ್ರಶ್ನೆ ಉಳಿಯಿತು.

ಇಲ್ಲಿ ನಾನು ಬೆಂಗಳೂರಿಗೆ ಬರಬೇಕು. ಉಷ್ಣಬೆಳಕಿನ ಸ್ವಭಾವದ ಬೀಗದ ಕೈ 1943ರಲ್ಲೇ ನಮ್ಮಲ್ಲಿ ಇತ್ತು.

ಮಂಜು ಮುಸುಕಿದ ಇರುಳಿನಲ್ಲಿ ಬೀದಿದೀಪದ ಸುತ್ತ ಬಣ್ಣದ ಬಳೆಗಳು ಕಾಣುತ್ತವೆ. ಘಟಪ್ರಭೆ, ಹಿರಣ್ಯಕೇಶಿ ದಂಡೆಯ ಊರಿನವರು ಚಳಿಗಾಲದಲ್ಲಿ ನೋಡಿರುತ್ತೀರಿ. ಸಣ್ಣ ಸಣ್ಣ ಹನಿಗಳು ಬೆಳಕನ್ನು ಬಾಗಿಸುವುದರಿಂದ, ಅಂದರೆ ವಿವರ್ತನೆಯಿಂದ, ಆಗುವ ಬಳೆ ಅದು. ಅದೇ ಬಳೆಯನ್ನು ಒಂದೇ ಬಣ್ಣದ ಬೆಳಕಿನಲ್ಲಿ, ನವಿರು ಕಣಗಳನ್ನು ಉದುರಿಸಿದ ಗಾಜಿನ ಮೂಲಕ ನೋಡಿದರೆ ಬಳೆ ನುಣುಪಾಗಿ ಕಾಣುವುದಿಲ್ಲ. ಒಳಗೆಲ್ಲ ಬೆಳಕು ಕತ್ತಲೆಗಳ ಮಚ್ಚೆ. ಸಿ.ವಿ. ರಾಮನ್ ಇಂಥ ಮಚ್ಚೆಗಳ ಬಗ್ಗೆ 1919ರಷ್ಟು ಹಿಂದೆಯೇ ಬರೆದಿದ್ದರು. ಬಲವಾದ ಬೆಳಕನ್ನು ನೋಡುವಾಗ ಕಣ್ಣಿನೊಳಗೇ ಏಳುವ ಪ್ರಭಾವಳಿಯನ್ನು ವಿವರಿಸುವುದು ಆಗ ಅವರ ಉದ್ದೇಶವಾಗಿತ್ತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ರಾಮನ್ನರ ಬಳಿ, ಹತ್ತು ವರ್ಷದ ನಂತರ, ಜಿ.ಎನ್. ರಾಮಚಂದ್ರನ್ ಎಂಬ ಇಪ್ಪತ್ತೊಂದರ ಹುಡುಗ ಕೆಲಸ ಮಾಡುತ್ತಿದ್ದ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದು ಭೌತವಿಜ್ಞಾನಕ್ಕೆ ಹೊರಳಿದವನು. ಮುಂದೆ ಪ್ರೋಟೀನುಗಳ ರಚನೆಯ ‘ರಾಮಚಂದ್ರನ್ ನಕ್ಷೆ’ಯಿಂದ ಜಗತ್ತಿಗೆ ಗೊತ್ತಾದ ಇದೇ ರಾಮಚಂದ್ರನ್, 1943ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ, ವಿವರ್ತನೆಯ ಬಳೆಗಳೊಳಗೆ ಬೆಳಕಿನ ತೀವ್ರತೆ ಹೇಗೆ ಏರಿಳಿಯುತ್ತದೆ ಎಂಬುದರ ಮೇಲೆ ಲೇಖನ ಬರೆದರು.

ಆ ಲೆಕ್ಕದ ತಿರುಳು ಇಷ್ಟು. ಗಾಜಿನ ಮೇಲಿನ ಅಸಂಖ್ಯ ಕಣಗಳಿಂದ ಬಂದ ಅಲೆಗಳು ಒಂದು ಬಿಂದುವಿನಲ್ಲಿ ಕೂಡುತ್ತವೆ. ಯಾವ ಅಲೆ ಏರಿನಲ್ಲಿದೆ, ಯಾವುದು ಇಳಿಯುತ್ತಿದೆ ಎಂಬುದಕ್ಕೆ ನಿಯಮವಿಲ್ಲ. ಹೀಗೆ ಗೊತ್ತುಗುರಿಯಿಲ್ಲದೆ ಕೂಡಿದ ಅಲೆಗಳ ತೀವ್ರತೆಗೆ ಭೌತವಿಜ್ಞಾನಿ ರೇಲೀ ಕಂಡ ಸಂಭಾವ್ಯತೆಯ ನಿಯಮವೊಂದು ಅನ್ವಯವಾಗುತ್ತದೆ: ಅತಿ ಹೆಚ್ಚು ಬಿಂದುಗಳಲ್ಲಿ ತೀವ್ರತೆ ಸೊನ್ನೆಯ ಹತ್ತಿರ, ತೀವ್ರತೆ ಹೆಚ್ಚಿದಂತೆ ಅಂಥ ಬಿಂದುಗಳ ಸಂಖ್ಯೆ ಘಾತೀಯವಾಗಿ ಕುಸಿಯುತ್ತದೆ, ಆದರೂ ಅಲ್ಲೊಂದು ಇಲ್ಲೊಂದು ಬಿಂದು ಸರಾಸರಿಯ ನಾಲ್ಕೈದು ಪಟ್ಟು ಹೊಳೆಯುತ್ತದೆ. ಈ ನಿಯಮದಿಂದ ಎರಡೇ ಸಾಲಿನಲ್ಲಿ ಒಂದು ಅಂಕಿ ಸಿಗುತ್ತದೆ. ತೀವ್ರತೆಯ ವರ್ಗದ ಸರಾಸರಿಯನ್ನು ಸರಾಸರಿಯ ವರ್ಗದಿಂದ ಭಾಗಿಸಿದರೆ ಬರುವುದು ಸರಿಯಾಗಿ 2. ಏರಿಳಿತವೇ ಇಲ್ಲದ ಆದರ್ಶ ಲೇಸರಿನಲ್ಲಿ ಅದು 1. ಈ 2 ಎಂಬ ಅಂಕಿಯನ್ನು ಓದುಗರು ಹಿಡಿದಿಟ್ಟುಕೊಳ್ಳಬೇಕು. ಮುಂದಿನ ಜಗಳವೆಲ್ಲ ಇದರ ಒಡೆತನದ ಮೇಲೆ.

ಬಳೆಯೊಳಗಿನ ಮಚ್ಚೆಗಳು ಕಣಗಳು ಅಲುಗದಿದ್ದರೆ ಅಲುಗುವುದಿಲ್ಲ. ಸೂರ್ಯನಲ್ಲಿ, ಬಲ್ಬಿನ ತಂತಿಯಲ್ಲಿ, ಒಲೆಯ ಉರಿಯಲ್ಲಿ ಹಾಗಲ್ಲ. ಬೆಳಕು ಚೆಲ್ಲುವ ಅಣುಗಳು ಒಂದರ ಮಾತು ಒಂದು ಕೇಳದೆ, ಪ್ರತಿ ಕ್ಷಣ ಹೊಸದಾಗಿ ಅಲೆ ಎಬ್ಬಿಸುತ್ತವೆ. ಹಾಗಾಗಿ ಮಚ್ಚೆಗಳು ಹುಟ್ಟಿ ಅಳಿದು ಮತ್ತೆ ಹುಟ್ಟುತ್ತಿರುತ್ತವೆ. ಮಧ್ಯಾಹ್ನದ ಬಿಸಿಲು ಗೋಕಾಕ ಜಲಪಾತದ ಬಂಡೆಯ ಮೇಲೆ ಬಿದ್ದಿದೆ ಎನ್ನಿ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಅದರಿಂದ ಲೆಕ್ಕ ಹಾಕಿದರೆ ಆ ಬಂಡೆಯ ಮೇಲೆ ಒಂದೊಂದು ಮಚ್ಚೆಯ ಗಾತ್ರ 60 ಮೈಕ್ರೊಮೀಟರಿನ ಆಸುಪಾಸು. ಅದರ ಆಯುಷ್ಯ ಕೆಲವೇ ಫೆಮ್ಟೊಸೆಕೆಂಡು, ಅಂದರೆ ಸೆಕೆಂಡಿನ ಕೋಟಿಕೋಟಿ ಭಾಗದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ನಮ್ಮ ಕಣ್ಣಿಗೆ ಬಿಸಿಲು ನಿಂತ ನೀರಿನಂತೆ ಸಮವಾಗಿ ಕಾಣುವುದು ಈ ವೇಗದಿಂದಲೇ. ಯಾವ ಕ್ಯಾಮೆರಾವೂ ಇದರ ಬೆನ್ನು ಹತ್ತಲಾರದು.

ಇದಕ್ಕೆ ಉಪಾಯ ಕಂಡವರು ಜರ್ಮನಿಯ ಮಾರ್ಟಿನ್ಸೆನ್ ಮತ್ತು ಸ್ಪಿಲ್ಲರ್. 1964ರಲ್ಲಿ ಅವರು ಲೇಸರ್ ಕಿರಣದ ಅಡ್ಡ ಒಂದು ಉಜ್ಜಿದ ಗಾಜಿನ ಬಿಲ್ಲೆಯನ್ನು ತಿರುಗಿಸಿದರು. ಗಾಜಿನ ಉಬ್ಬುತಗ್ಗುಗಳು ಲೇಸರಿನ ಶಿಸ್ತನ್ನು ಕೆಡಿಸಿ, ಉಷ್ಣಬೆಳಕಿನ ಅದೇ ಅಂಕಿಅಂಶವುಳ್ಳ ಮಚ್ಚೆಗಳನ್ನು ಎಬ್ಬಿಸುತ್ತವೆ. ಬಿಲ್ಲೆಯನ್ನು ಎಷ್ಟು ಮೆಲ್ಲಗೆ ತಿರುಗಿಸುತ್ತೇವೋ ಮಚ್ಚೆಗಳು ಅಷ್ಟು ನಿಧಾನವಾಗಿ ಬದಲಾಗುತ್ತವೆ. ಇವತ್ತಿಗೂ ಉಷ್ಣಬೆಳಕಿನ ಘೋಸ್ಟ್ ಇಮೇಜಿಂಗ್ ಪ್ರಯೋಗಗಳಲ್ಲಿ ಬಹುಪಾಲು ನಡೆಯುವುದು ಈ ಬಿಲ್ಲೆಯ ಬಲದಿಂದ. ಬಿಸಿಲನ್ನೇ ಬಳಸಿ ಚಿತ್ರ ತೆಗೆಯುವುದು ತೀರ ಅಸಾಧ್ಯವೇನಲ್ಲ: ರುಬಿಡಿಯಂ ಆವಿಯ ಜರಡಿಯಲ್ಲಿ ಬಿಸಿಲಿನ ಬಣ್ಣವನ್ನು ಅತಿ ಕಿರಿದಾಗಿ ಸೋಸಿ, ಮಚ್ಚೆಗಳ ಆಯುಷ್ಯ ಹಿಗ್ಗಿಸಿ, ಚೀನಾದ ತಂಡವೊಂದು 2014ರಲ್ಲಿ ಅದನ್ನು ಸಾಧಿಸಿತು.

ಈ ಜಗಳದ ಹಿರಿಯಣ್ಣನಂಥ ಜಗಳವೊಂದು 1956ರಲ್ಲೇ ನಡೆದಿತ್ತು. ಅದರ ನಾಯಕ ರಿಚರ್ಡ್ ಹ್ಯಾನ್‌ಬರಿ ಬ್ರೌನ್ ಹುಟ್ಟಿದ್ದು ನೀಲಗಿರಿಯ ಅರುವಂಕಾಡಿನಲ್ಲಿ, 1916ರಲ್ಲಿ. ನಮ್ಮ ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಏರಿದರೆ ಸಿಗುವ ಊರು. ಅವರೂ ಗಣಿತಜ್ಞ ಟ್ವಿಸ್‌ರೂ ಸೇರಿ, ಎರಡು ಸರ್ಚ್‌ಲೈಟ್ ಕನ್ನಡಿಗಳನ್ನು ಲುಬ್ಧಕ ನಕ್ಷತ್ರದ ಕಡೆ ತಿರುಗಿಸಿ, ಎರಡೂ ಕಡೆಯ ಬೆಳಕಿನ ಏರಿಳಿತವನ್ನು ತಾಳೆ ಹಾಕಿದರು. ಕನ್ನಡಿಗಳನ್ನು ದೂರ ಸರಿಸಿದಂತೆ ತಾಳೆ ಕಡಿಮೆಯಾಗುತ್ತ ಹೋಯಿತು. ಆ ಇಳಿಕೆಯಿಂದ ನಕ್ಷತ್ರದ ಕೋನೀಯ ವ್ಯಾಸ ಸುಮಾರು 0.006 ಆರ್ಕ್‌ಸೆಕೆಂಡ್ ಎಂದು ಲೆಕ್ಕ ಹಾಕಿದರು. ಮುಂದೆ ಆಸ್ಟ್ರೇಲಿಯಾದ ನ್ಯಾರಬ್ರೈಯಲ್ಲಿ ದೊಡ್ಡ ಉಪಕರಣ ನಿಲ್ಲಿಸಿ 32 ನಕ್ಷತ್ರಗಳನ್ನು ಅಳೆದರು.

ಆಗ ಭೌತವಿಜ್ಞಾನಿಗಳು ಸಿಟ್ಟಾದರು. ನಕ್ಷತ್ರದ ಬೇರೆ ಬೇರೆ ಅಣುಗಳಿಂದ ಹೊರಟ ಎರಡು ಫೋಟಾನ್‌ಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರಲು ಸಾಧ್ಯವೆ, ಎರಡು ಕನ್ನಡಿಗಳಿಗೆ ಅವು ಒಟ್ಟಿಗೆ ಬೀಳುವುದಾದರೂ ಹೇಗೆ ಎಂದರು. ಕೆನಡಾದ ಬ್ರಾನೆನ್ ಮತ್ತು ಫರ್ಗುಸನ್ ತಮ್ಮ ಪ್ರಯೋಗದಲ್ಲಿ ಅಂಥದ್ದೇನೂ ಕಾಣಲಿಲ್ಲವೆಂದೂ, ಅದು ನಿಜವಾದರೆ ಕ್ವಾಂಟಂ ಸಿದ್ಧಾಂತದ ಬುಡವನ್ನೇ ತಿದ್ದಬೇಕಾದೀತೆಂದೂ ಬರೆದರು. ಅದೇ ವರ್ಷ ಎಡ್ವರ್ಡ್ ಪರ್ಸೆಲ್ ಉತ್ತರ ಕೊಟ್ಟರು: ಫೋಟಾನ್‌ಗಳು ಬೋಸಾನ್‌ಗಳು, ಅವಕ್ಕೆ ಗುಂಪುಗೂಡುವುದೇ ಗುಣ. ಹ್ಯಾನ್‌ಬರಿ ಬ್ರೌನ್ ಮಾತ್ರ ರೇಡಿಯೋ ಎಂಜಿನಿಯರ್. ಅವರಿಗೆ ಬೆಳಕು ಎಂದರೆ ಏರಿಳಿಯುವ ಅಲೆ, ಎರಡು ಡಿಟೆಕ್ಟರುಗಳು ಒಂದೇ ಅಲೆಯ ಏರಿಳಿತ ಕಂಡರೆ ತಾಳೆ ಬರಲೇಬೇಕು. ಕನ್ನಡಿಗಳು ಹತ್ತಿರವಿದ್ದಾಗ ಬರುವ ತಾಳೆಯ ಗರಿಷ್ಠ ಬೆಲೆ, ಎರಡೂ ಲೆಕ್ಕದಲ್ಲಿ, ಅದೇ 2.

1961ರಲ್ಲಿ ಫ್ಯಾನೊ ಕ್ವಾಂಟಂ ವಿವರಣೆಗೆ ಸ್ಪಷ್ಟ ರೂಪ ಕೊಟ್ಟರು. ಎರಡು ಅಣು, ಎರಡು ಡಿಟೆಕ್ಟರು. ಮೊದಲ ಅಣುವಿನ ಫೋಟಾನ್ ಎಡಕ್ಕೂ ಎರಡನೆಯದರದು ಬಲಕ್ಕೂ ಹೋಗಿರಬಹುದು; ಅದಲುಬದಲಾಗಿಯೂ ಹೋಗಿರಬಹುದು. ಯಾವುದು ನಡೆಯಿತು ಎಂದು ತಿಳಿಯುವ ದಾರಿಯಿಲ್ಲ. ತಿಳಿಯಲಾಗದ ಎರಡು ಸಾಧ್ಯತೆಗಳು ಕ್ವಾಂಟಂ ಲೋಕದಲ್ಲಿ ಪರಸ್ಪರ ವ್ಯತಿಕರಿಸುತ್ತವೆ, ಅಂದರೆ ಅಲೆಗಳಂತೆ ಕೂಡಿ ಒಂದನ್ನೊಂದು ಹಿಗ್ಗಿಸುತ್ತವೆ ಇಲ್ಲವೆ ಕುಗ್ಗಿಸುತ್ತವೆ. ಆ ವ್ಯತಿಕರಣವೇ ಹೆಚ್ಚುವರಿ ತಾಳೆ.

ಮೇರಿಲ್ಯಾಂಡ್‌ನ ಶಿ ಹಿಡಿದದ್ದು ಈ ದಾರಿಯನ್ನು. ಉಷ್ಣಬೆಳಕಿನ ಘೋಸ್ಟ್ ಚಿತ್ರವನ್ನು ಬರೇ ತೀವ್ರತೆಯ ಏರಿಳಿತದ ತಾಳೆ ಎನ್ನುವುದು ತಪ್ಪು ಎಂದು ಅವರೂ ಅವರ ಸಂಗಡಿಗರೂ 2006ರಲ್ಲಿ ಪ್ರಯೋಗಸಮೇತ ವಾದಿಸಿದರು. ಅವರ ಕಾರಣವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬೆಳಕಿನ ಮೂಲ ದೊಡ್ಡದಾಗಿದ್ದು ವಸ್ತು ಹತ್ತಿರವಿದ್ದಾಗ, ವಸ್ತುವಿನ ಒಂದೊಂದು ಬಿಂದುವಿಗೂ ಮೂಲದ ಎಲ್ಲ ಅಣುಗಳ ಬೆಳಕೂ ತಲುಪುತ್ತದೆ. ಒಂದು ಲೈನಿಗೆ ಒಂದು ಬಲ್ಬು ಎಂಬ ಸರಳ ಹೊಂದಾಣಿಕೆ ಅಲ್ಲಿ ಮೂಲದಿಂದಲೇ ಬಂದಿರುವುದಿಲ್ಲ. ಆದರೂ ಮೂಲದಿಂದ ಸಮದೂರದಲ್ಲಿರುವ ಎರಡು ತಲಗಳ ನಡುವೆ ಬಿಂದುವಿಗೆ ಬಿಂದು ತಾಳೆ ಏರ್ಪಡುತ್ತದೆ, ಮಸೂರವಿಲ್ಲದೆಯೂ ಚಿತ್ರ ಬರುತ್ತದೆ. ಇದು ಎರಡು ಫೋಟಾನ್‌ಗಳ ಜೋಡಿ ಸಾಧ್ಯತೆಗಳ ವ್ಯತಿಕರಣ, ದೂರ ದೂರದ ಎರಡು ಡಿಟೆಕ್ಟರುಗಳ ಜಂಟಿ ಘಟನೆ, ಅಭಿಜಾತ ಭೌತವಿಜ್ಞಾನದಲ್ಲಿ ಇದಕ್ಕೆ ಜಾಗವಿಲ್ಲ ಎಂಬುದು ಅವರ ಪಟ್ಟು.

ಗಟ್ಟಿ ಮುಂತಾದವರು 2007ರಲ್ಲಿ ಪ್ರತಿಕ್ರಿಯೆ ಬರೆದರು. 2008ರಲ್ಲಿ ಎಂ.ಐ.ಟಿ.ಯ ಜೆಫ್ರಿ ಶಪೀರೊ ಮತ್ತು ಎರ್ಕ್‌ಮೆನ್ ಎಲ್ಲ ಬಗೆಯ ಬೆಳಕಿಗೂ ಒಂದೇ ಚೌಕಟ್ಟಿನ ಲೆಕ್ಕ ಕೊಟ್ಟರು. ಇವರ ಮಾತಿನ ಸಾರ: ಗೊತ್ತುಗುರಿಯಿಲ್ಲದ ಅಲೆಗಳ ಮೊತ್ತವನ್ನು ವರ್ಗ ಮಾಡಿ, ಎರಡು ಜಾಗದ ತೀವ್ರತೆಗಳನ್ನು ಗುಣಿಸಿದರೆ, ಶಿ ವ್ಯತಿಕರಣ ಎನ್ನುವ ಅದೇ ಅಡ್ಡಪದ ತಾನಾಗಿ ಬರುತ್ತದೆ. ಮೂಲ ದೊಡ್ಡದಾಗಿದ್ದರೂ, ಹತ್ತಿರವಿದ್ದರೂ, ಎಲ್ಲ ಅಣುಗಳ ಅಲೆಗಳು ಕೂಡಿ ವಸ್ತುವಿನ ತಲದಲ್ಲಿ ಮಚ್ಚೆಗಳನ್ನು ಕಟ್ಟುತ್ತವೆ, ಅದೇ ಮಚ್ಚೆಗಳ ನಕಲು ಸಮದೂರದ ಇನ್ನೊಂದು ತಲದಲ್ಲೂ ಇರುತ್ತದೆ. ಲೈನು ಸಿಗುವುದು ಮೂಲದಲ್ಲಲ್ಲ, ಈ ತಲದಲ್ಲಿ.

ಎರಡು ವಿವರಣೆಯೂ ಒಂದೇ ಅಂಕಿ ಕೊಡುವಾಗ ತೀರ್ಪು ಹೇಳುವುದು ಯಾವುದರಿಂದ? ನನ್ನ ಮಟ್ಟಿಗೆ ತೀರ್ಪಿನ ಅಳತೆಗೋಲು 1963ರಲ್ಲೇ ಸಿದ್ಧವಾಗಿತ್ತು, ಅದನ್ನು ಕೊಟ್ಟವರು ಇ.ಸಿ.ಜಿ. ಸುದರ್ಶನ್. ಕೊಟ್ಟಾಯಂ ಬಳಿ ಹುಟ್ಟಿದ ಸುದರ್ಶನ್ ಆಗ ರಾಚೆಸ್ಟರ್‌ನಲ್ಲಿದ್ದರು, ಹೆಣಿಗೆಯಿಲ್ಲದ ಘೋಸ್ಟ್ ಚಿತ್ರ ಸುಮಾರು ನಾಲ್ಕು ದಶಕದ ನಂತರ ಬಂದ ಅದೇ ಊರಿನಲ್ಲಿ. 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಎನ್. ಮುಕುಂದ ಅವರೊಂದಿಗೆ ಬರೆದ ಅಭಿಜಾತ ಬಲವಿಜ್ಞಾನದ ಗ್ರಂಥ 1974ರಲ್ಲಿ ಬಂತು.

ಸುದರ್ಶನ್ ತೋರಿಸಿದ್ದು ಇದು. ಯಾವುದೇ ಬೆಳಕಿನ ಕ್ವಾಂಟಂ ಸ್ಥಿತಿಯನ್ನೂ ಆದರ್ಶ ಲೇಸರಿನಂಥ ಸುಸಂಬದ್ಧ ಸ್ಥಿತಿಗಳ ಮಿಶ್ರಣವಾಗಿ ಬರೆಯಬಹುದು. ಒಂದೊಂದು ಸ್ಥಿತಿಗೂ ಮಿಶ್ರಣದಲ್ಲಿ ಒಂದು ತೂಕ. ಎಲ್ಲ ತೂಕಗಳೂ ಧನಸಂಖ್ಯೆಗಳಾಗಿದ್ದರೆ ಅವನ್ನು ಸಾಮಾನ್ಯ ಸಂಭಾವ್ಯತೆ ಎಂದು ಓದಬಹುದು; ಆಗ ಆ ಬೆಳಕಿನ ಎಲ್ಲ ತಾಳೆಗಳನ್ನೂ ಏರಿಳಿಯುವ ಅಲೆಯ ಲೆಕ್ಕದಿಂದ ಪಡೆಯಬಹುದು. ತೂಕ ಋಣವಾದರೆ, ಅಥವಾ ಸಂಭಾವ್ಯತೆಗೆ ಎಂದೂ ಒಗ್ಗದ ರೂಪ ತಾಳಿದರೆ, ಅಲೆಯ ಲೆಕ್ಕ ಅಲ್ಲಿ ಸೋಲುತ್ತದೆ. ಅದು ಕ್ವಾಂಟಂ ಬೆಳಕು. ಅದೇ ವರ್ಷ ಹತ್ತಿರದ ದಾರಿಯಲ್ಲೇ ಕೆಲಸ ಮಾಡಿದ ರಾಯ್ ಗ್ಲೌಬರ್‌ಗೆ 2005ರ ನೊಬೆಲ್‌ನಲ್ಲಿ ಪಾಲು ಬಂತು. ಸುದರ್ಶನ್ ಅವರಿಗೆ ಬರಲಿಲ್ಲ. ಅವರು ಅದನ್ನು ಬಹಿರಂಗವಾಗಿಯೇ ಪ್ರಶ್ನಿಸಿದರು. ಆ ಅನ್ಯಾಯ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಉಷ್ಣಬೆಳಕಿನ ತೂಕದ ರೂಪ ಯಾವುದು? ಗಂಟೆಯಾಕಾರದ ಒಂದು ಗಾಸಿಯನ್ ದಿಬ್ಬ. ಎಲ್ಲೆಲ್ಲೂ ಧನ. ಅರೆಗನ್ನಡಿಯಿಂದ ಎರಡಾಗಿ ಸೀಳಿದರೂ ಧನವಾಗಿಯೇ ಉಳಿಯುತ್ತದೆ. ಅರೆಗನ್ನಡಿಗೆ ಅಭಿಜಾತ ಬೆಳಕು ಒಳಹೋದರೆ ಹೆಣಿಗೆ ಹೊರಬರಲಾರದು. ಎರಡು ಗಾಸಿಯನ್ ಕಿರಣಗಳು ಹೆಣೆದುಕೊಂಡಿವೆಯೋ ಇಲ್ಲವೋ ಎಂದು ಪರೀಕ್ಷಿಸುವ ನಿಖರ ಗಣಿತದ ನಿಯಮವೇ ಇದೆ. 2000ದಲ್ಲಿ ಅದನ್ನು ಕೊಟ್ಟವರಲ್ಲಿ ಒಬ್ಬರು ಚೆನ್ನೈನ ಆರ್. ಸೈಮನ್, ಮುಕುಂದ ಅವರ ಬಹುಕಾಲದ ಸಹವರ್ತಿ. ಆ ಪರೀಕ್ಷೆಗೆ ಸೀಳಿದ ಉಷ್ಣಬೆಳಕನ್ನು ಒಡ್ಡಿದರೆ ಹೆಣಿಗೆ ಇಲ್ಲ ಎಂದೇ ಉತ್ತರ.

ಆದ್ದರಿಂದ ಉಷ್ಣಬೆಳಕಿನ ಘೋಸ್ಟ್ ಚಿತ್ರ ಅಭಿಜಾತವೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದರೆ ಬೆಳಕು ಫೋಟಾನ್‌ಗಳಿಂದ ಆಗಿಲ್ಲ ಎಂದಲ್ಲ. ಶಿ ಬರೆಯುವ ಎರಡು ಫೋಟಾನ್‌ಗಳ ಲೆಕ್ಕ ಸರಿಯಾದ ಲೆಕ್ಕವೇ. ಬೆಳಕು ತೀರ ಮಂದವಾಗಿ ಡಿಟೆಕ್ಟರು ಒಂದೊಂದೇ ಸಲ ಮಿಡಿಯುವಾಗ ಅದು ಹೆಚ್ಚು ಸಹಜ ಕೂಡ. ಆದರೆ ಕ್ವಾಂಟಂ ಸಿದ್ಧಾಂತ ಜಗತ್ತಿನ ಎಲ್ಲದಕ್ಕೂ ಅನ್ವಯಿಸುತ್ತದೆ, ಘಟಪ್ರಭೆಯ ನೀರಿಗೂ. ಒಂದು ಪ್ರಯೋಗವನ್ನು ಕ್ವಾಂಟಂ ಎಂದು ಕರೆಯುವ ಹಕ್ಕು ಬರಬೇಕಾದರೆ, ಯಾವ ಏರಿಳಿಯುವ ಅಲೆಯೂ ಕೊಡಲಾರದ ಒಂದು ಅಂಕಿಯನ್ನಾದರೂ ಅದು ಕೊಡಬೇಕು. 2 ಅಂಥ ಅಂಕಿಯಲ್ಲ. ಅದು ರೇಲೀಯ ನಿಯಮದಿಂದ ಬರುವ ಅಂಕಿ, 1943ರಲ್ಲಿ ಬೆಂಗಳೂರಿನ ಬೆಳಕಿನ ಬಳೆಯೊಳಗೂ ಅಡಗಿದ್ದ ಅಂಕಿ.

ಅದೇ 2ರಿಂದ ಉಷ್ಣಬೆಳಕಿನ ಚಿತ್ರದ ದೌರ್ಬಲ್ಯವೂ ಬರುತ್ತದೆ. ಚಿತ್ರದ ಬೆಲೆ 2, ಹಿನ್ನೆಲೆಯ ಬೆಲೆ 1; ಅವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಮೂರರಲ್ಲೊಂದು. ವಸ್ತು ಎಷ್ಟೇ ಸಣ್ಣದಿರಲಿ, ಹಿನ್ನೆಲೆಯನ್ನು ಕಳೆಯದೆ ಇದಕ್ಕಿಂತ ಹೆಚ್ಚಿನ ಸ್ಫುಟತೆ ಸಿಗದು; ವಸ್ತು ದೊಡ್ಡದಾದಷ್ಟೂ ಅದು ಇಳಿಯುತ್ತದೆ. ಹೆಣೆದುಕೊಂಡ ಅವಳಿ ಫೋಟಾನ್‌ಗಳಿಗೆ ಈ ಮಿತಿ ಇಲ್ಲ. ಬೆಳಕು ಮಂದವಾದಷ್ಟೂ ಅವುಗಳ ತಾಳೆ 2ನ್ನು ಎಷ್ಟೋ ಪಟ್ಟು ಮೀರುತ್ತದೆ, ಹಿನ್ನೆಲೆ ಕರಗಿಹೋಗುತ್ತದೆ. ಗ್ಲ್ಯಾಸ್ಗೋದ ಮೈಲ್ಸ್ ಪ್ಯಾಜೆಟ್ ತಂಡ 2015ರಲ್ಲಿ ಒಂದು ಕಣಜದ ರೆಕ್ಕೆಯ ಚಿತ್ರ ತೆಗೆದದ್ದು ಹೀಗೆ, ಪಿಕ್ಸೆಲ್ಲಿಗೆ ಸರಾಸರಿ ಒಂದು ಫೋಟಾನಿಗಿಂತ ಕಡಿಮೆ ಬೆಳಕಿನಲ್ಲಿ. ಇನ್ನೂ ಆಳದ ವ್ಯತ್ಯಾಸವೊಂದಿದೆ. ಒಂದೇ ಅವಳಿ ಬೆಳಕಿನಿಂದ ವಸ್ತುವಿನ ಚಿತ್ರವನ್ನೂ ಅದರ ವಿವರ್ತನೆಯ ನಮೂನೆಯನ್ನೂ ಎಷ್ಟು ಸೂಕ್ಷ್ಮವಾಗಿ ಪಡೆಯಬಹುದು ಎಂದು ಗುಣಿಸಿ ನೋಡಿದರೆ, ಆ ಸೂಕ್ಷ್ಮತೆ ಅಭಿಜಾತ ಬೆಳಕಿಗೆ ಹಾಕಿದ ಗಡಿಯನ್ನು ದಾಟುತ್ತದೆ. 2004ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದವರು ರಾಚೆಸ್ಟರ್‌ನ ಅದೇ ಬಾಯ್ಡ್ ಗುಂಪು, 2002ರಲ್ಲಿ ಹೆಣಿಗೆ ಬೇಡವೆಂದು ತೋರಿಸಿದವರು. ತಮ್ಮ ಹಳೆಯ ಫಲಿತಾಂಶದ ಮಿತಿಯನ್ನು ತಾವೇ ಹುಡುಕಿ ತೋರಿಸಿದ ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕ್ವಾಂಟಂ ಪಕ್ಷಕ್ಕೆ ಅತಿ ಕಷ್ಟದ ಪ್ರಶ್ನೆ ಹಾಕಿದ್ದು 2008ರಲ್ಲಿ ಶಪೀರೊ. ಮಚ್ಚೆಗಳು ಹೇಗಿರುತ್ತವೆ ಎಂದು ಮೊದಲೇ ಗೊತ್ತಿದ್ದರೆ ಕ್ಯಾಮೆರಾ ಏಕೆ ಬೇಕು ಎಂದು ಅವರು ಕೇಳಿದರು. ಕಂಪ್ಯೂಟರು ಆಜ್ಞೆ ಮಾಡಿದಂತೆ ಮಚ್ಚೆ ಮೂಡಿಸುವ ಉಪಕರಣ ಇಟ್ಟು, ಎರಡನೆಯ ಕವಲನ್ನು ತೆಗೆದುಹಾಕಿ, ಅಲ್ಲಿ ಬರಬೇಕಿದ್ದ ಮಚ್ಚೆಗಳನ್ನು ಲೆಕ್ಕ ಹಾಕಿ ತುಂಬಿದರೂ ಚಿತ್ರ ಬರಬೇಕು. ಮರುವರ್ಷ ಇಸ್ರೇಲಿನ ಬ್ರೊಂಬರ್ಗ್, ಕಾಟ್ಜ್, ಸಿಲ್ಬರ್‌ಬರ್ಗ್ ಹಾಗೆಯೇ ಮಾಡಿದರು, ಚಿತ್ರ ಬಂತು. ಇಲ್ಲದ ಕವಲಿನ ಫೋಟಾನ್ ಇರುವ ಕವಲಿನ ಫೋಟಾನ್ ಜೊತೆ ವ್ಯತಿಕರಿಸುವುದು ಹೇಗೆ? ಇದು ಬೇರೆಯೇ ಬಗೆಯ ಪ್ರಯೋಗ, ಮೂಲ ಪ್ರಯೋಗದ ವಿವರಣೆಗೆ ಇದು ಸಾಕ್ಷಿಯಾಗದು ಎಂಬುದು ಶಿ ಪಕ್ಷದ ಉತ್ತರ. ಎರಡು ಪಕ್ಷಗಳೂ 2012ರಲ್ಲಿ ಮತ್ತೆ ಎದುರುಬದುರಾಗಿ ಬರೆದವು. ಅದೇ ವರ್ಷ ಬ್ರಿಟನ್ನಿನ ರಾಗಿ ಮತ್ತು ಅಡೆಸ್ಸೊ, ಹೆಣಿಗೆಗಿಂತ ದುರ್ಬಲವಾದ ‘ಕ್ವಾಂಟಂ ಡಿಸ್ಕಾರ್ಡ್’ ಎಂಬ ಅಳತೆಯಿಂದ ನೋಡಿದರೆ ಉಷ್ಣಬೆಳಕಿನ ತಾಳೆಯಲ್ಲೂ ಅಭಿಜಾತವಲ್ಲದ ಅಂಶವೊಂದು ಇದೆ ಎಂದರು. ಗಣಿತವಾಗಿ ಅದು ನಿಜ. ಆದರೆ ಆ ಅಂಶವಿಲ್ಲದೆ ಈ ಚಿತ್ರ ಬಾರದು ಎಂದು ಅದರಿಂದ ಸಿದ್ಧವಾಗುವುದಿಲ್ಲ. ಅಭಿಜಾತ ಬೆಳಕನ್ನೂ ಕ್ವಾಂಟಂ ಬೆಳಕನ್ನೂ ಬೇರ್ಪಡಿಸುವ ಸುದರ್ಶನ್ ಗೆರೆ ಇದ್ದಲ್ಲಿಯೇ ಇದೆ.

ಅಭಿಜಾತ ಎಂದ ಮಾತ್ರಕ್ಕೆ ಅಗ್ಗ ಎಂದು ಎಣಿಸುವವರಿದ್ದಾರೆ. ಕ್ವಾಂಟಂ ಎಂಬ ಪದಕ್ಕೆ ಇಂದು ಹಣವೂ ಹೆಸರೂ ಅಂಟಿಕೊಂಡಿರುವುದರಿಂದ ಈ ಭಾವನೆ ಬೆಳೆದಿದೆ. ಆದರೆ ಹೆಣಿಗೆ ಬೇಡವಾದ್ದರಿಂದಲೇ ಈ ವಿದ್ಯೆ ಎಕ್ಸ್‌ರೇಗೂ ಹಬ್ಬಿತು. 2016ರಲ್ಲಿ ಮೊದಲ ಎಕ್ಸ್‌ರೇ ಘೋಸ್ಟ್ ಚಿತ್ರಗಳು ಬಂದವು. 2018ರಲ್ಲಿ ಚೀನಾದ ತಂಡವೊಂದು ಬಹಳ ಕಡಿಮೆ ವಿಕಿರಣದಲ್ಲಿ, ಮೇಜಿನ ಮೇಲಿಡಬಹುದಾದ ಎಕ್ಸ್‌ರೇ ಮೂಲದಿಂದಲೇ ಚಿತ್ರ ತೆಗೆಯಿತು. ಅದರಲ್ಲಿ ಉಜ್ಜಿದ ಗಾಜಿನ ಬಿಲ್ಲೆಯ ಕೆಲಸ ಮಾಡಿದ್ದು ಮರಳುಕಾಗದ, ಬಡಗಿಗಳು ಮರ ಉಜ್ಜುವ ಅದೇ ಕಾಗದ.

ಇದು ನಮ್ಮ ಕಾಲೇಜುಗಳಿಗೂ ಎಟುಕುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಬಿ.ಎಸ್ಸಿ. ಪ್ರಯೋಗಾಲಯಗಳಲ್ಲಿ ಬೆಳಕಿನ ವ್ಯತಿಕರಣ ಎಂದರೆ ಇಂದಿಗೂ ನ್ಯೂಟನ್ನನ ಬಳೆ, ಯಂಗ್‌ನ ಸೀಳು. ಅವುಗಳ ಪಕ್ಕ ಶಪೀರೊ ಪ್ರಯೋಗವನ್ನು ಇಡಬಹುದು. ತರಗತಿಯಲ್ಲಿರುವ ಪ್ರೊಜೆಕ್ಟರ್ ಒಂದು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಫೋಟೊಡಯೋಡ್ ಒಂದು, ಅದರ ಅಂಕಿಯನ್ನು ಕಂಪ್ಯೂಟರಿಗೆ ಕೊಡುವ ಆರ್ಡುಯಿನೊ ಹಲಗೆ ಒಂದು, ರಟ್ಟಿನಲ್ಲಿ ಕತ್ತರಿಸಿದ ಅಕ್ಷರ ಒಂದು. ಹದಿನಾರಕ್ಕೆ ಹದಿನಾರು ಚೌಕಗಳ ನಮೂನೆಗಳನ್ನು ಪ್ರೊಜೆಕ್ಟರಿನಿಂದ ರಟ್ಟಿನ ಮೇಲೆ ಹಾಯಿಸಿ, ಪ್ರತಿ ನಮೂನೆಗೂ ಹಿಂದೆ ಬಂದ ಒಟ್ಟು ಬೆಳಕನ್ನು ದಾಖಲಿಸಬೇಕು. ಕಪ್ಪುಬಿಳುಪನ್ನು ಕಂಪ್ಯೂಟರು ಮನಬಂದಂತೆ ಆರಿಸಿದರೆ ಕೆಲವು ಸಾವಿರ ನಮೂನೆ ಬೇಕು. ಹಾಡಮಾರ್ ಎಂಬ ಗಣಿತಜ್ಞನ ಕೋಷ್ಟಕದಿಂದ ಕ್ರಮವಾಗಿ ಆರಿಸಿದರೆ, ಒಂದೊಂದರ ಕಪ್ಪುಬಿಳುಪು ಅದಲುಬದಲಾದ ಜೋಡಿಯನ್ನೂ ಸೇರಿಸಿ 512 ಸಾಕು. ಟ್ಯೂಬ್‌ಲೈಟುಗಳು ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ ಅವನ್ನು ನಂದಿಸಿಯೇ ಪ್ರಯೋಗ ಮಾಡಬೇಕು, ಇಲ್ಲವಾದರೆ ಆ ಮಿನುಗೇ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಎರಡೂ ಬಗೆಯ ನಮೂನೆಯಲ್ಲಿ ಅಕ್ಷರ ಹೇಗೆ ಹೇಗೆ ಸ್ಪಷ್ಟವಾಗುತ್ತ ಬರುತ್ತದೆ ಎಂದು ವಿದ್ಯಾರ್ಥಿಗಳು ಹೋಲಿಸಿ ನೋಡಿದರೆ ತಾಳೆಯ ಲೆಕ್ಕ ಕೈಗೆ ಹತ್ತುತ್ತದೆ. ಆಮೇಲೆ ಲೇಸರ್ ಪಾಯಿಂಟರ್, ಉಜ್ಜಿದ ಗಾಜು, ಅರೆಗನ್ನಡಿ, ಎರಡು ಅಗ್ಗದ ವೆಬ್‌ಕ್ಯಾಮ್ ಇಟ್ಟು ಉಷ್ಣಬೆಳಕಿನ ಮೂಲ ಪ್ರಯೋಗಕ್ಕೆ ಹೋಗಬಹುದು. ಮಚ್ಚೆಗಳ ತೀವ್ರತೆಯನ್ನು ಅಳೆದು, ಆ 2 ನಿಜವಾಗಿ ಬರುತ್ತದೋ ಇಲ್ಲವೋ ಎಂದು ಅವರೇ ಪರೀಕ್ಷಿಸಬಹುದು. 2ನ್ನು ದಾಟಿ ಸುದರ್ಶನ್ ಗೆರೆಯ ಆಚೆಗೆ ಹೋಗಬೇಕೆಂದರೆ ಬೇಕಾಗುವುದು ಫೋಟಾನ್ ಒಡೆಯುವ ಹರಳು, ಒಂಟಿ ಫೋಟಾನ್ ಎಣಿಸುವ ಎರಡು ಡಿಟೆಕ್ಟರು, ಅವುಗಳ ಮಿಡಿತ ನ್ಯಾನೊಸೆಕೆಂಡಿನೊಳಗೆ ಒಟ್ಟಿಗೆ ಬಂದವೆ ಎಂದು ನೋಡುವ ಸರ್ಕ್ಯೂಟು. ಅದು ಲಕ್ಷಗಳ ಬಾಬ್ತು, ಒಂದು ಕಾಲೇಜಿಗೆ ಭಾರ. ಮೂರು ತಾಲ್ಲೂಕಿನ ಕಾಲೇಜುಗಳು ಕೂಡಿ ಒಂದು ಕಡೆ ಇಟ್ಟುಕೊಂಡರೆ ಆಗದ ಮಾತಲ್ಲ.